ತಂಗಿಗೆ ಕೊಡದ ಪಗಾರ

ನನ್ನ ತಂಗಿ ಕಸ್ತೂರಿ ನಾಲ್ಕು ವರ್ಷ ನನ್ನ ಮಗನನ್ನು ಸಾಕಿದಳು. ಆ ನಾಲ್ಕು ವರ್ಷದಲ್ಲಿ ನಾನು ಅವಳ ಕೈಗೆ ಪಗಾರ ಎಂದು ಒಂದು ರೂಪಾಯಿಯನ್ನೂ ಇಡಲಿಲ್ಲ. ಇರಲಿಲ್ಲ, ಅದಕ್ಕೇ ಇಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಇತ್ತು. ತಂಗಿಗೆ ಯಾರಾದರೂ ಪಗಾರ ಕೊಡುತ್ತಾರೆಯೇ ಎಂಬ ಮಾತನ್ನು ಅಡ್ಡ ಹಿಡಿದು ಕೂತೆ. ಆ ಮಾತಿನಿಂದ ನಾನು ಏನು ಉಳಿಸಿಕೊಂಡೆ, ಅವಳು ಏನು ಕಳೆದುಕೊಂಡಳು ಎಂಬುದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ಏಳನೇ ಇಯತ್ತೆಯವರೆಗೆ. ಬರೆದು ರೂಢಿಯಿಲ್ಲ. ಆದರೆ ಕೂಸು ನೋಡಿಕೊಳ್ಳಲೆಂದು ಊರಿನಿಂದ ತಂಗಿಯನ್ನೋ ನಾದಿನಿಯನ್ನೋ ಕರೆಸಿಕೊಳ್ಳುವವರು ಈಗಲೂ ಬಹಳ ಮಂದಿ ಇದ್ದಾರೆ. ಅವರಾದರೂ ಓದಲಿ.

ಕೂಸನ್ನು ಎತ್ತಿಕೊಳ್ಳುವುದಕ್ಕೂ ರೇಟು ಇರುತ್ತದೆ ಎಂದು ನನಗೆ ಗೊತ್ತಾದದ್ದು ಮುಂಬೈಯ ಕಾಂದಿವಲಿಯಲ್ಲಿ. ಮದುವೆಯಾಗಿ ವಿಜಾಪುರದ ಕಡೆಯ ನಮ್ಮ ಹಳ್ಳಿಯಿಂದ ಬಂದ ಹೊಸದು. ನಮ್ಮ ಖೋಲಿಯಿಂದ ನಾಲ್ಕು ಬಾಗಿಲು ಆಚೆ ಒಂದು ಮನೆಯ ಮುಂದೆ ತಗಡಿನ ಬೋರ್ಡು ತೂಗುಹಾಕಿತ್ತು. ಶಾಲೆಯಲ್ಲಿ ಕಲಿತ ಅರೆಬರೆ ಹಿಂದಿ ಅಕ್ಷರಗಳನ್ನು ಕೂಡಿಸಿ ಓದಿದೆ: ಪಾಳಣಾಘರ್. ತೊಟ್ಟಿಲಮನೆ ಎಂದು ಅರ್ಥವಂತೆ. ಒಳಗೆ ಇಣುಕಿದರೆ ಚಾಪೆಯ ಮೇಲೆ ಎಂಟು ಹತ್ತು ಕೂಸುಗಳು ಸಾಲಾಗಿ ಮಲಗಿದ್ದವು. ಒಂದಕ್ಕೂ ಆ ಮನೆಯ ಹೆಂಗಸಿನ ಹೋಲಿಕೆ ಇರಲಿಲ್ಲ. ಇಷ್ಟೂ ಕೂಸುಗಳ ತಾಯಂದಿರು ಎಲ್ಲಿ ಹೋದರು, ಏನಾದರೂ ಅನಾಹುತ ಆಯಿತೇನೋ ಎಂದು ಹೆದರಿದೆ. ಸಂಜೆ ಮನೆಯವರನ್ನು ಕೇಳಿದರೆ ನಕ್ಕುಬಿಟ್ಟರು. ತಾಯಂದಿರು ಕೆಲಸಕ್ಕೆ ಹೋಗಿದ್ದಾರೆ, ತಿಂಗಳಿಗಿಷ್ಟು ಅಂತ ಕೊಟ್ಟು ಬಿಟ್ಟುಹೋಗುತ್ತಾರೆ ಎಂದರು.

ನಮ್ಮೂರಲ್ಲಿ ಕೂಸು ಯಾರ ಕಂಕುಳಲ್ಲಿದೆ ಎಂದು ಯಾರೂ ನೋಡುವುದಿಲ್ಲ. ತಾಯಿ ಹೊಲಕ್ಕೆ ಹೋದರೆ ಅತ್ತೆ, ಅತ್ತೆ ಹಿಟ್ಟು ಬೀಸಿಕೊಂಡು ಬರಲು ಹೋದರೆ ಪಕ್ಕದ ಮನೆಯ ಹುಡುಗಿ. ಕೂಸಿಗೂ ಯಾರು ಯಾರವರೆಂದು ಗೊತ್ತಿರುವುದಿಲ್ಲ. ಇಲ್ಲಿ ಹೊತ್ತು ಮುಳುಗಿದ ಮೇಲೆ ಕರೆದುಕೊಂಡು ಹೋಗಲು ತಡವಾದರೆ ಅದಕ್ಕೂ ಬೇರೆ ದುಡ್ಡು. ಆ ಹೆಂಗಸಿನ ಹೆಸರು ಸುರೇಖಾತಾಯಿ; ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ. ಕೊಂಕಣದ ಕಡೆಯ ಮರಾಠಿಯವಳು, ದಪ್ಪ ದನಿಯವಳು. ನಾನು ಮೊದಮೊದಲು ಅವಳನ್ನು ಕಟುಕಿಯ ಹಾಗೆ ನೋಡುತ್ತಿದ್ದೆ.

ಖೋಲಿ ಎಂದರೆ ಕೋಣೆ. ಮುಂಬೈಯಲ್ಲಿ ಒಂದು ಖೋಲಿಗೇ ಮನೆ ಎನ್ನುತ್ತಾರೆ. ನಮ್ಮ ಖೋಲಿ ಗುಡ್ಡದ ಇಳಿಜಾರಿನಲ್ಲಿತ್ತು. ಬಾಗಿಲು ತೆರೆದರೆ ಗಲ್ಲಿ, ಗಲ್ಲಿಯ ಆಚೆ ಕೈ ಚಾಚಿದರೆ ಇನ್ನೊಬ್ಬರ ಬಾಗಿಲು. ಮಲಗಿದಲ್ಲೇ ಒಲೆ, ಒಲೆಯ ಪಕ್ಕ ಮೋರಿ. ಊರಲ್ಲಿ ನಮ್ಮ ದನದ ಕೊಟ್ಟಿಗೆ ಇದಕ್ಕಿಂತ ದೊಡ್ಡದಿತ್ತು. ನೀರು ಬೆಳಕು ಹರಿಯುವ ಮೊದಲು ಬರುತ್ತಿತ್ತು, ಆಗ ಹಿಡಿಯದಿದ್ದರೆ ಆ ದಿನ ಇಲ್ಲ. ನಳದ ಹತ್ತಿರ ಹೆಂಗಸರು ನನ್ನ ಹಿಂದಿ ಕೇಳಿ ನಗುತ್ತಿದ್ದರು. ನಾನು ಎಲ್ಲರಿಗೂ 'ತುಮ್' ಎನ್ನುತ್ತಿದ್ದೆ, 'ಆಪ್' ಎನ್ನಬೇಕಾದ ಮುದುಕಿಯರಿಗೂ. ಜೋಳದ ಹಿಟ್ಟು ಹುಡುಕಿಕೊಂಡು ಸ್ಟೇಷನ್ ತನಕ ನಡೆದು, ಸಿಕ್ಕ ದಿನ ಮನೆಗೆ ಬಂದು ರೊಟ್ಟಿ ತಟ್ಟುವಾಗ ಅತ್ತದ್ದು ನೆನಪಿದೆ. ತಟ್ಟುವ ಸದ್ದಿಗೆ ಪಕ್ಕದ ಮನೆಯವರು ಬಂದು ಏನು ಬಡಿಯುತ್ತಿದ್ದೀಯೆಂದು ಕೇಳಿದರು.

ಮಗ ಹುಟ್ಟಿದ. ಆಕಾಶ ಎಂದು ಹೆಸರಿಟ್ಟೆವು. ಮನೆಯವರ ಒಬ್ಬರ ದುಡಿಮೆ ಬಾಡಿಗೆಗೇ ಹೋಗುತ್ತಿತ್ತು. ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಗಾಲಾದಲ್ಲಿ ನನಗೆ ಕೆಲಸ ಸಿಕ್ಕಿತು. ಗಾಲಾ ಎಂದರೆ ಕಾರ್ಖಾನೆ ನಡೆಸುವ ಒಂದು ದೊಡ್ಡ ಕೋಣೆ. ಅಲ್ಲಿ ಕೂದಲಿಗೆ ಹಾಕುವ ಪ್ಲಾಸ್ಟಿಕ್ ಕ್ಲಿಪ್ಪು ಆಗುತ್ತಿದ್ದವು. ನಾವು ಹೆಂಗಸರು ಅವನ್ನು ಕಾರ್ಡಿಗೆ ಸಿಕ್ಕಿಸಿ ಪೆಟ್ಟಿಗೆಗೆ ತುಂಬಬೇಕು. ಆಕಾಶನನ್ನು ಸುರೇಖಾತಾಯಿಯ ಹತ್ತಿರ ಬಿಟ್ಟೆ. ಒಂದು ತಿಂಗಳು ಬಿಟ್ಟಿರಬೇಕು. ಕೂಸಿಗೆ ಮೇಲಿಂದ ಮೇಲೆ ಜ್ವರ ಬಂತು. ಜ್ವರ ಬಂದ ಕೂಸನ್ನು ಸುರೇಖಾತಾಯಿ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ, ಉಳಿದ ಕೂಸುಗಳಿಗೆ ಹತ್ತುತ್ತದೆ ಎನ್ನುತ್ತಿದ್ದಳು. ನಾನು ರಜೆ ಹಾಕಿದರೆ ಗಾಲಾದಲ್ಲಿ ಆ ದಿನದ ಪಗಾರ ಹೋಗುತ್ತಿತ್ತು, ಇಲ್ಲಿ ಅವಳ ತಿಂಗಳ ಎರಡು ಸಾವಿರ ಮಾತ್ರ ಕಡಿಮೆಯಾಗುತ್ತಿರಲಿಲ್ಲ. ಆಗ ನನಗೆ ಕಸ್ತೂರಿಯ ನೆನಪಾಯಿತು.

ಕಸ್ತೂರಿ ನನಗಿಂತ ಮೂರು ವರ್ಷ ಚಿಕ್ಕವಳು. ಅವಳ ಗಂಡ ಸೊಲ್ಲಾಪುರದಲ್ಲಿ ಇನ್ನೊಬ್ಬಳನ್ನು ಇಟ್ಟುಕೊಂಡು ಮನೆಗೆ ಬರುವುದನ್ನು ಬಿಟ್ಟ ಮೇಲೆ ಅವಳು ತವರಿಗೆ ಬಂದು ಅವ್ವನ ಹತ್ತಿರ ಇದ್ದಳು. ಭಾಗ್ಯ ಎಂದು ಒಬ್ಬ ಮಗಳು, ಆಗ ಮೂರು ವರ್ಷದ ಕೂಸು. ನಾನು ಊರಿಗೆ ಹೋಗಿ ಮಾತಾಡಿದೆ. ಹತ್ತು ಅಡಿಯ ಖೋಲಿಯಲ್ಲಿ ಎಲ್ಲರಿಗೂ ಜಾಗವಿಲ್ಲ, ಮೊದಲು ಕಸ್ತೂರಿ ಒಬ್ಬಳು ಬರಲಿ, ಭಾಗ್ಯ ಅವ್ವನ ಹತ್ತಿರ ಇರಲಿ ಎಂದೆ.

"ಎಷ್ಟು ದಿನ ಅಕ್ಕಾ?" ಎಂದಳು ಕಸ್ತೂರಿ.

"ಆರು ತಿಂಗಳು. ದೊಡ್ಡ ಖೋಲಿ ಹಿಡೀತೀವಿ, ಆಮ್ಯಾಲ ಭಾಗ್ಯಾನ್ನೂ ಕರಕೊಂಡು ಬರೂಣು."

ಆ ಮಾತು ಹೇಳುವಾಗ ನಾನು ಸುಳ್ಳು ಹೇಳುತ್ತಿರಲಿಲ್ಲ. ಇದನ್ನು ನೀವು ನಂಬಬೇಕು ಎನ್ನುವ ಹಕ್ಕು ನನಗಿಲ್ಲ.

ಕಸ್ತೂರಿ ಮುಂಬೈಯನ್ನು ನನಗಿಂತ ಬೇಗ ಕಲಿತಳು. ನಾನು ಎರಡು ವರ್ಷದಲ್ಲಿ ಕಲಿಯದ ಮರಾಠಿಯನ್ನು ಅವಳು ನಳದ ಹತ್ತಿರ ನಿಂತು ನಿಂತೇ ಕಲಿತಳು. ಲೋಕಲ್ ಗಾಡಿಯಲ್ಲಿ ಯಾವ ಸ್ಟೇಷನ್ನಿಗೆ ಯಾವ ಬದಿಯ ಬಾಗಿಲು ಎಂಬುದು ಅವಳಿಗೆ ಬಾಯಿಪಾಠ. ತರಕಾರಿ ಮಾರುವ ಭಾಜಿಯವನ ಹತ್ತಿರ ಚೌಕಾಶಿ ಮಾಡಿ ಮೇಲೆ ಕೊತ್ತಂಬರಿ ಪುಕ್ಕಟೆ ತರುತ್ತಿದ್ದಳು. ಒಮ್ಮೆ ಅವನು, ಏ ಕಾನಡಿ ಬಾಯಿ, ಎಂದರೆ ಕನ್ನಡದ ಹೆಂಗಸೇ, ನೀನು ಬಂದರೆ ನನ್ನ ಗಾಡಿಯೇ ಮಾರಿಹೋಗುತ್ತದೆ ಎಂದನಂತೆ. ಇವಳು, ಹಾಗಾದರೆ ನಿನ್ನ ಗಾಡಿ ನಾನೇ ಕೊಳ್ಳುತ್ತೇನೆ, ನೀನು ಕೂಸು ಹಿಡಿದುಕೋ ಎಂದು ಆಕಾಶನನ್ನು ಅವನ ಕೈಗೆ ಕೊಡಹೋದಳಂತೆ. ಸಂಜೆ ನನಗೆ ಇಂಥ ಕಥೆಗಳನ್ನು ಹೇಳಿ ನಗಿಸುತ್ತಿದ್ದಳು. ಅವಳು ಬಂದ ಮೇಲೆ ನನಗೆ ಮುಂಬೈ ಊರು ಅನ್ನಿಸತೊಡಗಿತು. ಕೆಲಸದಿಂದ ಬಂದರೆ ರೊಟ್ಟಿ, ಪುಂಡಿಪಲ್ಯ, ಮಾತಾಡಲು ನನ್ನ ಭಾಷೆ. ನನ್ನ ಒಂಟಿತನ ಹೋಯಿತು. ಅದು ಅವಳ ಕಡೆಗೆ ಹೋಗಿ ಸೇರಿತು ಎಂದು ತಿಳಿಯಲು ನನಗೆ ಬಹಳ ಕಾಲ ಬೇಕಾಯಿತು.

ರವಿವಾರ ಊರಿಗೆ ಫೋನು. ಮೊದಮೊದಲು ಭಾಗ್ಯ ಫೋನಿನಲ್ಲಿ ಅಳುತ್ತಿದ್ದಳು. ಕಸ್ತೂರಿ ಗಲ್ಲಿಯ ತುದಿಗೆ ಹೋಗಿ ಮಾತಾಡಿ, ಮುಖ ತೊಳೆದುಕೊಂಡು ಒಳಗೆ ಬರುತ್ತಿದ್ದಳು. ಆಮೇಲೆ ಕೂಸು ಅಳುವುದನ್ನು ಬಿಟ್ಟು ಯಾವಾಗ ಬರುತ್ತಿ ಎಂದು ಕೇಳತೊಡಗಿತು. ಇನ್ನೂ ಕೆಲವು ತಿಂಗಳಾದ ಮೇಲೆ ಅದನ್ನೂ ಕೇಳುವುದನ್ನು ಬಿಟ್ಟಿತು. ಅವ್ವ ಬಲವಂತದಿಂದ ಫೋನು ಹಿಡಿಸಿದರೆ ಹೂಂ ಹೂಂ ಎಂದು ಆಟಕ್ಕೆ ಓಡಿಹೋಗುತ್ತಿತ್ತು. ಇತ್ತ ನನ್ನ ಆಕಾಶ ಕಸ್ತೂರಿಯ ಸೆರಗು ಬಿಡುತ್ತಿರಲಿಲ್ಲ. ಅವನು ಮೊದಲು ಆಡಿದ ಮಾತು 'ಚಿಗವ್ವ'. ನಮ್ಮ ಕಡೆ ತಾಯಿಯ ತಂಗಿಗೆ ಹಾಗೆ ಕರೆಯುತ್ತಾರೆ. ನಾನು ಹೆಮ್ಮೆಯಿಂದ ಗಾಲಾದ ಹೆಂಗಸರಿಗೆಲ್ಲ ಹೇಳಿಕೊಂಡು ಬಂದೆ. ಅದನ್ನು ಕೇಳಿದಾಗ ಕಸ್ತೂರಿಯ ಮುಖ ಹೇಗಿತ್ತೆಂದು ನಾನು ನೋಡಿರಲಿಲ್ಲ.

ಆರು ತಿಂಗಳು ಕಳೆದು ವರ್ಷವಾಯಿತು. ನಾವು ದೊಡ್ಡ ಖೋಲಿ ಬಾಡಿಗೆ ಹಿಡಿಯಲಿಲ್ಲ. ಅದೇ ಖೋಲಿಯನ್ನು ಮಾಲೀಕ ಮಾರುತ್ತಾನೆಂದು ಗೊತ್ತಾಗಿ ಕೊಳ್ಳುವ ಆಸೆ ಹುಟ್ಟಿತು. ಮುಂಬೈಯಲ್ಲಿ ಸ್ವಂತದ್ದು ಎಂದು ಒಂದು ಬಾಗಿಲು ಇರುವುದು ಎಂದರೆ ಊರಲ್ಲಿ ಹತ್ತು ಎಕರೆ ನೀರಾವರಿ ಇದ್ದ ಹಾಗೆ. ನನ್ನ ಪಗಾರ ಎಂಟು ಸಾವಿರಕ್ಕೆ ಮುಟ್ಟಿತ್ತು. ಅದನ್ನು ಹಾಗೇ ಒಟ್ಟುಗೂಡಿಸತೊಡಗಿದೆವು.

ಒಂದು ಸಂಜೆ ರೊಟ್ಟಿ ತಟ್ಟುತ್ತಾ ಕಸ್ತೂರಿ ಕೇಳಿದಳು. ಮುಖ ಹೆಂಚಿನ ಕಡೆಗೇ ಇತ್ತು.

"ಅಕ್ಕಾ, ಸುರೇಖಾತಾಯಿ ಒಂದು ಕೂಸಿಗೆ ತಿಂಗಳಿಗಿ ಎಷ್ಟು ತಗೋತಾಳಂತ ನಿನಗ ಗೊತ್ತೈತಲ್ಲ?"

"ಗೊತ್ತೈತಿ. ಯಾಕ?"

"ಅಷ್ಟು ಬ್ಯಾಡ. ಅದರಾಗ ಅರ್ಧ ಆದ್ರೂ ಭಾಗ್ಯಾನ ಹೆಸರಿಗಿ ಅವ್ವಗ ಕಳಿಸಿದ್ರ, ಕೂಸಿಗಿ ಹಾಲಿಗಿ, ಸಾಲಿಗಿ ಆಗ್ತಿತ್ತು."

ಆ ಮಾತು ಕೇಳಿ ನನಗೆ ಸಿಟ್ಟು ಬಂತು. ಈಗ ಯೋಚಿಸಿದರೆ ಅದು ಸಿಟ್ಟಲ್ಲ, ಸಿಕ್ಕಿಬಿದ್ದವರಿಗೆ ಬರುವ ಬಿಸಿ. "ತಂಗೀಗಿ ಪಗಾರ ಕೊಟ್ಟು ಇಟಗೊಂಡಾಳ ಅಂತ ಮಂದಿ ನನ್ನ ಮಾರಿಗಿ ಉಗುಳಲೇನು? ನೀ ಇಲ್ಲಿ ಕೆಲಸದಾಕಿ ಏನವ್ವಾ?" ಎಂದೆ. ಉಣ್ಣುವುದಕ್ಕೆ ನಾನೇನು ಕಡಿಮೆ ಮಾಡಿದ್ದೇನೆ, ಉಡುವುದಕ್ಕೆ ಏನು ಕಡಿಮೆ ಮಾಡಿದ್ದೇನೆ ಎಂದೆ. ಅವಳು ರೊಟ್ಟಿ ತಿರುವಿ ಹಾಕಿದಳು.

ಅದಾದ ಸ್ವಲ್ಪ ದಿನಕ್ಕೆ ನಾಗರ ಪಂಚಮಿ ಬಂತು. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ, ತವರಿನವರು ಉಡಿ ತುಂಬಿ ಕಳಿಸುತ್ತಾರೆ. ಅವಳು ಊರಿಗೆ ಹೋಗುತ್ತೇನೆ ಎಂದಿದ್ದಳು. ಗಾಲಾದಲ್ಲಿ ಆರ್ಡರ್ ಜೋರಾಗಿತ್ತು, ರಜೆ ಸಿಗುವಂತಿರಲಿಲ್ಲ, ಕೂಸನ್ನು ಯಾರು ನೋಡುತ್ತಾರೆ? ಮುಂಬೈಯಲ್ಲಿ ನಾನೇ ನಿನ್ನ ತವರು ಎಂದೆ. ಮಾಲಾಡಿನ ಪೇಟೆಯಿಂದ ಒಳ್ಳೆಯ ಸೀರೆ ತಂದೆ. ಮಣೆಯ ಮೇಲೆ ಕೂರಿಸಿ ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ, ಎಲೆಅಡಿಕೆ ಇಟ್ಟು ಅವಳ ಸೆರಗಿಗೆ ಉಡಿ ತುಂಬಿದೆ. ಸುತ್ತಲಿನ ಹೆಂಗಸರನ್ನು ಕರೆದಿದ್ದೆ. ಎಂಥ ಅಕ್ಕ, ಎಂಥ ಅಕ್ಕ ಎಂದರು ಅವರು.

ಉಡಿ ತುಂಬುವುದು ಮನೆಮಗಳಿಗೆ. ಪಗಾರ ಕೊಡುವುದು ಆಳಿಗೆ. ಹತ್ತು ಜನರ ಎದುರು ಉಡಿ ತುಂಬಿಸಿಕೊಂಡವಳು ಮರುದಿನ ಪಗಾರ ಕೇಳಿದರೆ ತನ್ನನ್ನು ತಾನೇ ಆಳು ಎಂದುಕೊಂಡ ಹಾಗೆ. ಇದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ನಮ್ಮ ಹಿರಿಯರು ಹೆಣ್ಣುಮಕ್ಕಳ ಮರ್ಯಾದೆಗೆಂದು ಇಟ್ಟ ಪದ್ಧತಿಯನ್ನು ನಾನು ಅವಳ ಬಾಯಿಗೆ ತುರುಕಿದೆ. ಆ ಸೀರೆಯನ್ನು ಅವಳು ಉಟ್ಟದ್ದನ್ನು ನಾನು ಕಾಣಲಿಲ್ಲ.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳುತ್ತೇನೆ. ನಮ್ಮ ಅವ್ವ ಸುಗ್ಗಿಯಲ್ಲಿ ತನ್ನ ಸ್ವಂತ ತಂಗಿಯನ್ನು ಜೋಳ ಕೊಯ್ಯಲು ಕರೆಯುತ್ತಿದ್ದಳು. ಸಂಜೆ ಹೊರಡುವಾಗ ಉಳಿದ ಹೆಣ್ಣಾಳುಗಳಿಗೆ ಕೊಟ್ಟಷ್ಟೇ ಸಿವುಡು, ಅಂದರೆ ತೆನೆಯ ಕಟ್ಟು, ತಂಗಿಯ ತಲೆಯ ಮೇಲೂ ಹೊರಿಸಿ ಕಳಿಸುತ್ತಿದ್ದಳು. ಅವಳು ಬೇಡವೆಂದರೂ ಬಿಡುತ್ತಿರಲಿಲ್ಲ. ಹಾಗಾಗಿ ತಂಗಿಗೆ ಕೊಡುವ ರೂಢಿ ನಮ್ಮಲ್ಲಿ ಇಲ್ಲ ಎಂದು ನಾನು ಯಾರಿಗೂ ಹೇಳುವಂತಿಲ್ಲ. ಹೊಲದ ಕೆಲಸ ಕಣ್ಣಿಗೆ ಕಾಣುತ್ತದೆ, ಕೊಯ್ದದ್ದು ರಾಶಿ ಬೀಳುತ್ತದೆ. ಕೂಸು ನೋಡಿಕೊಂಡದ್ದು ಎಲ್ಲಿ ರಾಶಿ ಬೀಳುತ್ತದೆ? ಸಂಜೆ ನಾನು ಬಂದಾಗ ಕೂಸು ಬೆಳಿಗ್ಗೆ ಬಿಟ್ಟುಹೋದ ಹಾಗೇ ನಗುತ್ತಾ ಇರುತ್ತಿತ್ತು. ಏನೂ ಕೆಲಸವೇ ಆಗಿಲ್ಲ ಎಂಬಂತೆ.

ಸುರೇಖಾತಾಯಿಗೆ ಮೊಣಕಾಲು ನೋವು ಶುರುವಾಗಿತ್ತು. ಕಸ್ತೂರಿಯ ಕೈಯನ್ನು ಅವಳು ದಿನಾ ನೋಡುತ್ತಿದ್ದಳು. ನೀನು ನನ್ನ ಜೊತೆ ಪಾಳಣಾಘರ್‌ನಲ್ಲಿ ನಿಲ್ಲು, ಅಕ್ಕನ ಮಗನನ್ನೂ ಇಲ್ಲಿಗೇ ತಾ, ನಿನ್ನ ಮಗಳನ್ನೂ ಊರಿನಿಂದ ಕರೆಸು, ತಿಂಗಳಿಗೆ ಐದು ಸಾವಿರ ಕೊಡುತ್ತೇನೆ ಎಂದಳಂತೆ. ಕಸ್ತೂರಿ ನನಗೆ ಹೇಳುವಾಗ ಅವಳ ಕಣ್ಣು ಹೊಳೆಯುತ್ತಿದ್ದವು. ಭಾಗ್ಯ ಎಲ್ಲಿ ಮಲಗಬಹುದು ಎಂದು ಕೈಯಿಂದ ನೆಲವನ್ನು ಅಳತೆ ಮಾಡಿ ತೋರಿಸಿದಳು, ಗೋದ್ರೆಜ್ ಕಪಾಟಿನ ಪಕ್ಕ, ಗೋಡೆಯ ಬದಿಗೆ.

ನಾನು ನೋಡೋಣ ಎಂದೆ. ಮರುದಿನ ಕೆಲಸದಿಂದ ಬರುವಾಗ ಒಬ್ಬಳೇ ಸುರೇಖಾತಾಯಿಯ ಮನೆಗೆ ಹೋದೆ. ಕಸ್ತೂರಿ ಬಹಳ ದಿನ ಇಲ್ಲಿರುವವಳಲ್ಲ, ಅವಳ ಗಂಡ ಕರೆಯಲು ಬರುವವನಿದ್ದಾನೆ, ನೀವು ಬೇರೆಯವರನ್ನು ನೋಡಿಕೊಳ್ಳಿ ಎಂದು ನನ್ನ ಹರಕು ಹಿಂದಿಯಲ್ಲಿ ಹೇಳಿಬಂದೆ. ಹತ್ತು ಕೂಸುಗಳ ನಡುವೆ ನನ್ನ ಮಗ ಒಬ್ಬನಾಗುತ್ತಾನೆ, ಮನೆಯಲ್ಲಿ ಅಡಿಗೆ ಯಾರು ಮಾಡುತ್ತಾರೆ, ಖೋಲಿಯ ದುಡ್ಡು ಹೇಗೆ ಕೂಡುತ್ತದೆ. ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ. ಪಗಾರ ಕೊಡದೆ ಇದ್ದದ್ದು ಒಂದು. ಕೊಡುವವರ ಬಾಗಿಲನ್ನೂ ಮುಚ್ಚಿಬಂದದ್ದು ಇನ್ನೊಂದು. ಸುರೇಖಾತಾಯಿ ಬೇರೆ ಹೆಂಗಸನ್ನು ಇಟ್ಟುಕೊಂಡಳು. ಯಾಕೆ ಎಂದು ಕಸ್ತೂರಿ ಕೇಳಿದಾಗ, ಅವಳಿಗೆ ಮರಾಠಿಯವರೇ ಬೇಕಂತೆ ಎಂದೆ.

ನಾಲ್ಕನೆಯ ವರ್ಷ ಅವ್ವ ಬಿದ್ದು ಸೊಂಟ ಮುರಿದುಕೊಂಡಳು. ಕೂಸನ್ನು ನೋಡುವವರಿಲ್ಲ ಎಂದು ಭಾಗ್ಯಳ ಅಜ್ಜ ಅಜ್ಜಿ, ಅಂದರೆ ಕಸ್ತೂರಿಯ ಅತ್ತೆ ಮಾವ, ಬಂದು ಅವಳನ್ನು ಕರೆದುಕೊಂಡು ಹೋದರು. ನಾವು ಅಕ್ಕತಂಗಿ ಓಡಿದೆವು. ಅವರ ಮನೆಯ ಪಡಸಾಲೆಯಲ್ಲಿ ನಾಲ್ಕು ಜನ ಹಿರಿಯರು ಕೂತಿದ್ದರು. ಅವರೇನೂ ಕೆಟ್ಟವರಲ್ಲ. ಮಗನದು ತಪ್ಪು ಎಂದು ಅವರೂ ಒಪ್ಪಿದರು. ಮಗಳನ್ನು ತಾಯಿಯ ಜೊತೆ ಕಳಿಸಬೇಕೋ ಬೇಡವೋ ಎಂಬುದಷ್ಟೇ ಮಾತು. ಕಳಿಸಲು ಒಬ್ಬಿಬ್ಬರಿಗೆ ಮನಸ್ಸೂ ಇತ್ತು. ಅವರಲ್ಲಿ ದೊಡ್ಡವರು ಕೇಳಿದರು:

"ಯವ್ವಾ ಕಸ್ತೂರಿ, ನಾಕು ವರ್ಷ ಬೊಂಬಾಯಿನ್ಯಾಗ ಅದಿ. ಕೂಸಿಗಿ ಏನು ಕಳಿಸಿದಿ, ಅದೊಂದು ಹೇಳು."

ಬಾಗಿಲ ಸಂದಿಯಿಂದ ಕಸ್ತೂರಿಯ ಅತ್ತೆ ಎಂದಳು: "ಎರಡು ಫ್ರಾಕ್ ಬಂದಾವ್ರಿ. ಎರಡೂ ಬಿಗಿ. ಹಡದಾಕಿಗಿ ಮಗಳ ಅಳತಿ ಗೊತ್ತಿಲ್ಲ."

ಆ ಫ್ರಾಕು ನಾನು ಕೊಡಿಸಿದ್ದವು. ಆಕಾಶನಿಗೆ ತರುವಾಗ ಜೊತೆಗೆ ತಂದದ್ದು.

ಕಸ್ತೂರಿ ಆಗ ನನ್ನ ಕಡೆ ನೋಡಿದಳು. ಬೈಯುವ ನೋಟವಲ್ಲ. ಅಕ್ಕ ಇದ್ದಾಳೆ, ಅಕ್ಕ ಹೇಳುತ್ತಾಳೆ ಎಂಬ ನೋಟ. ಚಿಕ್ಕವಳಿದ್ದಾಗ ಶಾಲೆಯಲ್ಲಿ ಯಾರಾದರೂ ಹೊಡೆದರೆ ಹಾಗೇ ನೋಡುತ್ತಿದ್ದಳು. ನಾನು ಬಾಯಿ ತೆರೆದು, ಇವಳು ದುಡಿದಿದ್ದಾಳೆ, ಇವಳ ದುಡಿಮೆ ನನ್ನ ಹತ್ತಿರ ಇದೆ ಎಂದರೆ ಸಾಕಿತ್ತು. ಅಷ್ಟು ಜನರ ಎದುರು ತಂಗಿಯ ದುಡ್ಡು ತಿಂದವಳು ಅನ್ನಿಸಿಕೊಳ್ಳಲು ನನಗೆ ಆಗಲಿಲ್ಲ. ಸೆರಗು ಸರಿಮಾಡಿಕೊಂಡು ನೆಲ ನೋಡಿದೆ.

ಒಂದು ರೂಪಾಯಿ ಕಳಿಸದವಳು ಕರೆದುಕೊಂಡು ಹೋಗಿ ಏನು ಹಾಕಿ ಸಾಕುತ್ತಾಳೆ ಎಂದರು. ಭಾಗ್ಯ ಅಲ್ಲೇ ಉಳಿದಳು. ನಾವು ಹೊರಡುವಾಗ ಕಸ್ತೂರಿ ಅವಳನ್ನು ಎತ್ತಿಕೊಳ್ಳಲು ಹೋದಳು. ಏಳು ವರ್ಷದ ಹುಡುಗಿ, ಎತ್ತಿಕೊಳ್ಳುವ ವಯಸ್ಸೂ ಅಲ್ಲ. ಅವಳು ಅಜ್ಜಿಯ ಹಿಂದೆ ಸರಿದು ನಿಂತಳು.

ಗಾಡಿಯಲ್ಲಿ ಬರುವಾಗ ಕಸ್ತೂರಿ ನನಗೆ ಊಟ ಬಿಚ್ಚಿ ಕೊಟ್ಟಳು. ಮುಂಬೈಗೆ ಬಂದ ಮೇಲೆ ಸುರೇಖಾತಾಯಿಯ ಹತ್ತಿರ ಹೋಗಿ ಕೆಲಸ ಕೇಳಿದಳು. ಆಗ ಆಕೆ ನನ್ನ ಸುಳ್ಳನ್ನು ಅವಳಿಗೆ ಹೇಳಿಬಿಟ್ಟಳು. ಮನೆಗೆ ಬಂದು ಕಸ್ತೂರಿ ತನ್ನ ಬಟ್ಟೆ ಮಡಚಿ ಚೀಲಕ್ಕೆ ಹಾಕಿದಳು. ಆಕಾಶ ಚೀಲ ಹಿಡಿದು ಅತ್ತ. ಅವನಿಗೆ ಮುತ್ತು ಕೊಟ್ಟು, "ಬರ್ತೀನಕ್ಕಾ" ಎಂದು ಹೊರಟಳು. ಸುರೇಖಾತಾಯಿಯೇ ಅವಳಿಗೆ ಒಂದು ಬಿಲ್ಡಿಂಗ್‌ನಲ್ಲಿ ಕೂಸು ನೋಡಿಕೊಳ್ಳುವ ಕೆಲಸ ಹಚ್ಚಿಕೊಟ್ಟಳು. ಈಗ ಕುರ್ಲಾದಲ್ಲಿ ಇನ್ನಿಬ್ಬರು ಹೆಂಗಸರ ಜೊತೆ ಒಂದು ಖೋಲಿ ಹಂಚಿಕೊಂಡಿದ್ದಾಳೆ. ಅವಳ ಪಗಾರ ನನ್ನ ಪಗಾರಕ್ಕಿಂತ ಹೆಚ್ಚು. ತಿಂಗಳು ತಿಂಗಳು ಮಗಳಿಗೆ ಕಳಿಸುತ್ತಾಳೆ. ಅವರು ತೆಗೆದುಕೊಳ್ಳುತ್ತಾರೆ. ಮಗಳು ಮಾತ್ರ ಫೋನಿಗೆ ಬರುವುದಿಲ್ಲ.

ಖೋಲಿ ನಮ್ಮ ಹೆಸರಿಗಾಯಿತು. ಆಸೆಪಟ್ಟ ಬಾಗಿಲು ನಮ್ಮದೇ ಆಯಿತು. ಆದರೆ ಒಳಗೆ ಹೋದರೆ ಕಪಾಟಿನ ಪಕ್ಕದ ಆ ನೆಲ ಕಾಣುತ್ತದೆ. ಅಲ್ಲಿ ನಾನು ಯಾವ ಸಾಮಾನನ್ನೂ ಇಡಲಾರೆ.

ಕೊಡಬೇಕು ಎಂದು ನಿರ್ಧರಿಸಿದ್ದು ಎರಡು ವರ್ಷದ ಹಿಂದೆ. ಎಷ್ಟು ಎಂಬುದು ತಿಳಿಯಲಿಲ್ಲ. ಪಾಳಣಾಘರ್‌ನ ರೇಟು ಹಿಡಿದರೆ ಅದು ಹತ್ತು ಕೂಸುಗಳಲ್ಲಿ ಒಂದಕ್ಕೆ ಕೊಡುವುದು. ಕಸ್ತೂರಿಯ ತೊಡೆಯ ಮೇಲೆ ನನ್ನ ಮಗ ಒಬ್ಬನೇ ಇದ್ದ. ಬಿಲ್ಡಿಂಗ್‌ನವರ ರೇಟು ಹಿಡಿದರೆ ನನ್ನ ಪಗಾರವನ್ನೆಲ್ಲ ಕೊಟ್ಟರೂ ಸಾಲದು. ಉಂಡದ್ದು ಉಟ್ಟದ್ದು ಕಳೆಯಬೇಕೇ ಎಂದು ಮನೆಯವರು ಕೇಳಿದರು. ನಾನೂ ಮೊದಲು ಕಳೆದೆ. ಆಮೇಲೆ, ಅವಳು ಉಂಡ ರೊಟ್ಟಿಯನ್ನು ತಟ್ಟಿದವಳೂ ಅವಳೇ ಅಲ್ಲವೇ ಅನ್ನಿಸಿತು. ಆಕಾಶನಿಗೆ ಜ್ವರ ಬಂದಾಗ ನಾನು ಬೆಳಿಗ್ಗೆ ಕೆಲಸವಿದೆ ಎಂದು ನಿದ್ದೆ ಮಾಡಿದೆ, ಅವಳು ಕೂತಿದ್ದಳು. ಅದಕ್ಕೆ ಏನು ರೇಟು ಹಾಕಲಿ?

ಕಡೆಗೆ ಸುರೇಖಾತಾಯಿಯನ್ನೇ ಕೇಳಲು ಹೋದೆ. ಅವಳು ನನ್ನ ಮುಖವನ್ನೇ ನೋಡಿ, ರೇಟು ನನ್ನನ್ನು ಯಾಕೆ ಕೇಳುತ್ತಿ, ಅವಳು ಮನೆಯಲ್ಲಿ ಇರದಿದ್ದರೆ ನೀನು ಗಾಲಾಕ್ಕೆ ಹೋಗಿ ಎಷ್ಟು ತರುತ್ತಿದ್ದೆ ಎಂದಳು. ಏನೂ ಇಲ್ಲ ಎಂದೆ. ಹಾಗಾದರೆ ತಂದದ್ದು ಇಬ್ಬರದು ಎಂದಳು. ಅಷ್ಟೇ. ಅರ್ಧ. ಇಷ್ಟು ಸುಲಭದ ಲೆಕ್ಕಕ್ಕೆ ನಾನು ಇಷ್ಟು ವರ್ಷ ತೆಗೆದುಕೊಂಡೆ.

ಮನೆಯವರು ಒಂದೆರಡು ದಿನ ಮುಖ ಊದಿಸಿಕೊಂಡಿದ್ದರು. ನಂತರ ತಮ್ಮ ದೀಪಾವಳಿ ಬೋನಸ್ಸನ್ನು ತಂದು ನನ್ನ ಮುಂದಿಟ್ಟು, ಮೊದಲ ಕಂತಿಗೆ ಇದನ್ನೂ ಸೇರಿಸು ಎಂದರು. ಉಳಿದದ್ದನ್ನು ತಿಂಗಳು ತಿಂಗಳು ನನ್ನ ಪಗಾರದಲ್ಲಿ ಅರ್ಧ ಕೊಟ್ಟು ತೀರಿಸುವುದೆಂದು ಮಾತಾಯಿತು. ನಾನು ಕುರ್ಲಾಕ್ಕೆ ಹೋದೆ. ಕಸ್ತೂರಿ ಚಹಾ ಮಾಡಿದಳು. ದುಡ್ಡನ್ನು ಎದುರಿಗಿಟ್ಟು ಇದು ನಿನ್ನ ಪಗಾರ ಎಂದೆ. ಅವಳು ಬೇಡವೆನ್ನುತ್ತಾಳೆ, ಅಳುತ್ತಾಳೆ, ನಾನೂ ಅತ್ತು ಹಗುರಾಗುತ್ತೇನೆ ಎಂದುಕೊಂಡು ಹೋಗಿದ್ದೆ. ಅವಳು ತೆಗೆದುಕೊಂಡು ಡಬ್ಬಿಯೊಳಗೆ ಇಟ್ಟು ಮುಚ್ಚಿದಳು.

"ರೊಕ್ಕ ಮುಟ್ಟಿತು," ಎಂದಳು. "ಆದ್ರ ಅಕ್ಕಾ, ಅವತ್ತು ಹಿರ್ಯಾರು ಒಂದು ಮಾತು ಕೇಳಿದ್ರಲ್ಲ, ಅದು ಅಲ್ಲೇ ಐತಿ. ಭಾಗ್ಯಾಗ ಗೊತ್ತಿರೂದು ಅದೊಂದೇ. ಆ ನಾಕು ವರ್ಷ ನಮ್ಮವ್ವ ಏನೂ ಕಳಿಸಲಿಲ್ಲ ಅಂತ."

ಅವಳು ಇನ್ನೇನೂ ಕೇಳಲಿಲ್ಲ. ಕೇಳಬೇಕಾದ್ದೂ ಉಳಿದಿರಲಿಲ್ಲ.

ಈ ದೀಪಾವಳಿಗೆ ನಾವು ಅಕ್ಕತಂಗಿ ಭಾಗ್ಯಳ ಊರಿಗೆ ಹೋದೆವು. ಊರಿನ ಬಸ್ಸಿನಿಂದ ಇಳಿದಾಗ ಯಾರೋ ಬೊಂಬಾಯಿಯವರು ಬಂದರು ಎಂದರು. ಮುಂಬೈಯಲ್ಲಿ ನಾನು ಈಗಲೂ ಕಾನಡಿ ಬಾಯಿ. ಅಲ್ಲಿಯ ನಳದ ಹತ್ತಿರ ಊರು ನೆನೆಯುತ್ತೇನೆ, ಊರಿನ ಕಟ್ಟೆಯ ಮೇಲೆ ಕೂತರೆ ಲೋಕಲ್ ಗಾಡಿಯ ಸದ್ದು ಕಿವಿಯಲ್ಲಿ ಇರುತ್ತದೆ. ಎರಡು ಕಡೆಯೂ ನನಗೆ ಬಾಗಿಲಿದೆ, ಎರಡು ಕಡೆಯೂ ನಾನು ಬಂದವಳು. ಇದು ಎಲ್ಲ ವಲಸೆಯವರ ಪಾಡು, ನನ್ನದೇನೂ ಹೆಚ್ಚಲ್ಲ. ಆದರೆ ಕಸ್ತೂರಿಗೆ ಎಲ್ಲಿಯಾದರೂ ಒಂದು ಕಡೆ ತನ್ನದು ಎಂದು ಇದ್ದದ್ದು ಮಗಳು. ಅದನ್ನು ತಪ್ಪಿಸಿದವಳು ನಾನು.

ಅದೇ ಪಡಸಾಲೆ. ಅಂದು ಮಾತು ಕೇಳಿದ ಹಿರಿಯರು ತೀರಿಹೋಗಿದ್ದರು. ಕಸ್ತೂರಿಯ ಮಾವ ಕಂಬಕ್ಕೆ ಒರಗಿ ಕೂತಿದ್ದರು, ಅತ್ತೆ ಅಕ್ಕಿ ಆರಿಸುತ್ತಿದ್ದಳು. ಭಾಗ್ಯ ಈಗ ಎತ್ತರದ ಹುಡುಗಿ, ಎರಡು ಜಡೆ. ನಮಗೆ ನೀರು ತಂದುಕೊಟ್ಟು, ತಾಯಿಯನ್ನು ದೂರದ ನೆಂಟರನ್ನು ನೋಡುವ ಹಾಗೆ ನೋಡಿ ಒಳಗೆ ಹೊರಟಳು. ನಾನು ಅವಳಿಗೆ ನಿಲ್ಲು ಎಂದೆ. ಎದ್ದು ನಿಂತೇ ಹೇಳಿದೆ.

"ಮಾವಾರ, ಅವತ್ತು ಹಿರ್ಯಾರು ಕೇಳಿದ ಮಾತಿಗಿ ಉತ್ತರ ನನ್ನ ಹಂತ್ಯಾಕ ಇತ್ತು, ನಾ ಹೇಳಲಿಲ್ಲ. ಕಸ್ತೂರಿ ಬೊಂಬಾಯಿನ್ಯಾಗ ಸುಮ್ಮನ ಕುಂತು ಉಂಡಿಲ್ಲ. ನಾಕು ವರ್ಷ ನನ್ನ ಮಗನ್ನ ಸಾಕ್ಯಾಳ. ಆಕಿ ಪಗಾರ ನಾ ಕೊಡಲಿಲ್ಲ. ಕೇಳಿದ್ರೂ ಕೊಡಲಿಲ್ಲ. ಬ್ಯಾರೇದವರು ಕೊಡಾಕ ಬಂದ್ರ ಸುಳ್ಳು ಹೇಳಿ ತಪ್ಪಿಸಿದೆ. ಭಾಗ್ಯಾ, ನಿಮ್ಮವ್ವ ನಿನಗ ಕಳಿಸಲಿಲ್ಲ ಅಂತಲ್ಲ, ಕಳಿಸೂದನ್ನ ನಾ ಇಟಗೊಂಡೆ. ನಿನ್ನ ನಿಮ್ಮವ್ವನಿಂದ ಬಿಡಿಸಿದಾಕಿ ನಾನು."

ಅತ್ತೆಯ ಕೈ ಮೊರದ ಮೇಲೆ ನಿಂತಿತ್ತು. ನಾನು ತಂಗಿಯ ಕಡೆ ತಿರುಗಿದೆ.

"ಕಸ್ತೂರಿ, ನಂದು ತಪ್ಪಾತವ್ವ."